ಕ್ಷಯಾಣುವಿನ ಲಿಪಿ ಮತ್ತು ರೋಗಿಯ ಮೇಲಿನ ಅಪವಾದ

ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಟುಗೇಲಾ ಫೆರಿ ಎಂಬುದೊಂದು ಹಳ್ಳಿಗಾಡಿನ ಊರು. 2005ರ ಆರಂಭದಿಂದ 2006ರ ಮಾರ್ಚಿನವರೆಗೆ ಅಲ್ಲಿನ ಆಸ್ಪತ್ರೆಗೆ ಬಂದ ರೋಗಿಗಳ ಕಫವನ್ನು ವಿಶೇಷವಾಗಿ ಪರೀಕ್ಷಿಸಲಾಗಿ, ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೂ, ಅವು ಸೋತ ಮೇಲೆ ವೈದ್ಯರು ಆಶ್ರಯಿಸುತ್ತಿದ್ದ ಎರಡನೆಯ ಪಂಕ್ತಿಯ ಪ್ರಬಲ ಔಷಧಗಳಿಗೂ ಮಣಿಯದಂತಹ ಕ್ಷಯವು 53 ಮಂದಿಯಲ್ಲಿ ಕಂಡುಬಂದಿತು. ಅವರ ಪೈಕಿ 52 ಮಂದಿ ತೀರಿಕೊಂಡರು. ಕಫವನ್ನು ಕೊಟ್ಟ ದಿನದಿಂದ ಎಣಿಸಿದರೆ ಅವರಲ್ಲಿ ಅರ್ಧದಷ್ಟು ಜನಕ್ಕೆ 16 ದಿನಗಳಿಗಿಂತ ಹೆಚ್ಚಿನ ಆಯುಷ್ಯ ಉಳಿದಿರಲಿಲ್ಲ. ಅವರ ಪೈಕಿ ಎಚ್.ಐ.ವಿ. ಪರೀಕ್ಷೆಗೆ ಒಳಗಾದವರೆಲ್ಲರಲ್ಲಿಯೂ ಆ ಸೋಂಕಿದ್ದುದರಿಂದ ಮರಣವು ಇಷ್ಟು ಶೀಘ್ರವಾಗಿ ಬಂದಿತೆಂಬುದು ಅರ್ಥವಾಗತಕ್ಕ ಮಾತು. ಅರ್ಥವಾಗದೆ ಉಳಿದದ್ದು ಬೇರೊಂದು. ಇಂತಹ ಹಟಮಾರಿ ರೋಗ ಬಂದವರು ಹಿಂದೆ ಎಂದೋ ಔಷಧವನ್ನು ಅರ್ಧಕ್ಕೆ ಬಿಟ್ಟವರಾಗಿರಬೇಕೆಂಬುದು ವೈದ್ಯಲೋಕದ ರೂಢಮೂಲವಾದ ನಂಬಿಕೆ. ವಿಚಾರಿಸಿ ನೋಡಿದರೆ ಈ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ಷಯದ ಚಿಕಿತ್ಸೆಯನ್ನು ಅದುವರೆಗೆ ಪಡೆದವರೇ ಅಲ್ಲ.

ಆ ನಂಬಿಕೆ ನಿರಾಧಾರವಾದದ್ದೆಂದು ನಾನು ಹೇಳುವುದಿಲ್ಲ. 1940ರ ದಶಕದ ಅಂತ್ಯದಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೋಮೈಸಿನ್ ಔಷಧವನ್ನು ಮೊತ್ತಮೊದಲು ಕ್ರಮಬದ್ಧವಾಗಿ ಪರೀಕ್ಷಿಸಿದಾಗಲೇ, ಕೆಲವು ತಿಂಗಳು ಚೇತರಿಸಿಕೊಂಡ ರೋಗಿಗಳಲ್ಲಿ ರೋಗವು ಮರುಕಳಿಸಿದ್ದನ್ನೂ, ಮರುಕಳಿಸಿದ ಕ್ಷಯಾಣುವಿಗೆ ಆ ಔಷಧವು ತಾಗದೆ ಹೋದದ್ದನ್ನೂ ವೈದ್ಯರು ಕಂಡಿದ್ದರು. ಒಂದೇ ಔಷಧವನ್ನು ಕೊಡಬಾರದು, ಹಲವನ್ನು ಕೂಡಿಸಿ ಕೊಡಬೇಕು, ಆರಂಭಿಸಿದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು ಎಂಬ ಸೂತ್ರಗಳು ಆ ಕಹಿಯಾದ ಅನುಭವದಿಂದಲೇ ಹುಟ್ಟಿದವು. ಆದರೆ ಸೂತ್ರವು ಕ್ರಮೇಣ ಶಾಸನವಾಗಿ, ಶಾಸನವು ಅಪವಾದವಾಗಿ ಪರಿಣಮಿಸಿತು. ಔಷಧನಿರೋಧಕ ಕ್ಷಯವುಳ್ಳವನನ್ನು ಕಂಡೊಡನೆ ಇವನು ಅಶಿಸ್ತಿನವನು, ಕುಡುಕನು, ಹೇಳಿದ ಮಾತು ಕೇಳದವನು ಎಂದು ಭಾವಿಸುವ ಅಭ್ಯಾಸವು ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಿಂದ ಹಿಡಿದು ನೆರೆಮನೆಯ ಜಗುಲಿಯವರೆಗೆ ವ್ಯಾಪಿಸಿದೆ. ಹೆಣ್ಣಾದರೆ ಅವಳ ಪಾಲಿಗೆ ಬರುವ ಮಾತುಗಳು ಇನ್ನೂ ಕಠೋರ.

ಕ್ಷಯಾಣುವಿನ ಜೀನೋಮನ್ನು, ಎಂದರೆ ಅದರ ವಂಶವಾಹಿ ಲಿಪಿಯನ್ನು ಆದ್ಯಂತವಾಗಿ ಓದುವ ವಿದ್ಯೆ ಈ ಅಪವಾದವನ್ನು ಪರೀಕ್ಷೆಗೆ ಒಡ್ಡಿತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ವಾಜುಲು-ನಟಾಲಿನ 337 ಕ್ಷಯಾಣು ಮಾದರಿಗಳ ಲಿಪಿಯನ್ನು ಓದಿ, ಟುಗೇಲಾ ಫೆರಿಯ ಆ ಮಾರಕ ತಳಿಯ ಪೂರ್ವೇತಿಹಾಸವನ್ನು ಕಾಲಾನುಕ್ರಮವಾಗಿ ಗೊತ್ತುಪಡಿಸಲಾಯಿತು. ಐಸೋನಿಯಾಜಿಡ್ ಔಷಧಕ್ಕೆ ಎದುರು ನಿಲ್ಲುವ ಶಕ್ತಿಯನ್ನು ಅದು ಪಡೆದದ್ದು 1950ರ ದಶಕದ ಉತ್ತರಾರ್ಧದಲ್ಲಿ, ಎಂದರೆ ಆ ಔಷಧವು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ. ರಿಫಾಂಪಿಸಿನ್ನಿಗೆ ಎದುರು ನಿಂತದ್ದು 1980ರ ದಶಕದಲ್ಲಿ. ಉಳಿದ ಪ್ರಬಲ ಔಷಧಗಳನ್ನೂ ಗೆದ್ದುಕೊಂಡದ್ದು 1990ರ ದಶಕದ ನಡುಭಾಗದಲ್ಲಿ. ಆಸ್ಪತ್ರೆಯ ವೈದ್ಯರು ಬೆಚ್ಚಿಬಿದ್ದು ಲೋಕಕ್ಕೆ ಸುದ್ದಿ ಕೊಡುವುದಕ್ಕೆ ಸುಮಾರು ಒಂದು ದಶಕದ ಮುಂಚೆಯೇ ಆ ತಳಿಯು ಪೂರ್ಣರೂಪದಲ್ಲಿ ಸಿದ್ಧವಾಗಿ, ಯಾರ ಕಣ್ಣಿಗೂ ಬೀಳದೆ, ಕೆಮ್ಮಿನಿಂದ ಕೆಮ್ಮಿಗೆ, ವಾರ್ಡಿನಿಂದ ಮನೆಗೆ ದಾಟುತ್ತ ಬಂದಿತ್ತು. ಎರಡು ವರ್ಷಗಳ ಅನಂತರ, 2017ರಲ್ಲಿ, ಅದೇ ಪ್ರಾಂತ್ಯದ ಇಂತಹ 404 ರೋಗಿಗಳನ್ನು ಕುರಿತ ಮತ್ತೊಂದು ವರದಿ ಹೊರಬಂದಿತು: ಅವರಲ್ಲಿ ಶೇ 69ರಷ್ಟು ಮಂದಿಗೆ ಈ ರೋಗವು ತಮ್ಮ ಚಿಕಿತ್ಸೆಯ ಲೋಪದಿಂದ ಬಂದುದಲ್ಲ, ಸಿದ್ಧನಿರೋಧವುಳ್ಳ ಕ್ಷಯಾಣುವು ಇನ್ನೊಬ್ಬರ ಉಸಿರಿನಿಂದ ನೇರವಾಗಿ ಹತ್ತಿದುದು.

ಇದನ್ನು ಹೇಗೆ ಕಂಡುಕೊಳ್ಳುತ್ತಾರೆಂದು ಕೇಳುವವರಿಗೆ ನಮ್ಮ ಸಾಹಿತ್ಯದ ಕ್ಷೇತ್ರದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರು ಅನೇಕ ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದರಲ್ಲಿ ಲಿಪಿಕಾರನು ಮಾಡಿದ ಸ್ಖಾಲಿತ್ಯವು ಮತ್ತಾವ ಯಾವ ಪ್ರತಿಗಳಲ್ಲಿ ಹಾಗೆಯೇ ಮುಂದುವರಿದಿದೆ ಎಂಬುದನ್ನು ಹೋಲಿಸಿ ನೋಡಿ, ಯಾವ ಪ್ರತಿಯು ಯಾವ ಮೂಲದಿಂದ ಇಳಿದು ಬಂದದ್ದೆಂದು ನಿರ್ಣಯಿಸುತ್ತಿದ್ದರಷ್ಟೆ. ಕ್ಷಯಾಣುವಿನ ವಂಶವನ್ನು ಪತ್ತೆಮಾಡುವ ಕ್ರಮವೂ ತತ್ತ್ವತಃ ಅದೇ. ಈ ಸೂಕ್ಷ್ಮಜೀವಿಯ ಲಿಪಿಯಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. ಅದನ್ನು ಮೊದಲಬಾರಿಗೆ ಪೂರ್ತಿಯಾಗಿ ಓದಿ 1998ರಲ್ಲಿ ಪ್ರಕಟಿಸಿದವರು ಸ್ಟೀವರ್ಟ್ ಕೋಲ್ ಮತ್ತು ಅವರ ಸಹೋದ್ಯೋಗಿಗಳು. ಒಂದು ಕ್ಷಯಾಣು ಎರಡಾಗುವಾಗ ಈ ಲಿಪಿಯನ್ನು ಮರುಬರೆಯಬೇಕಾಗುತ್ತದೆ, ಮರುಬರೆಯುವಾಗ ಎಲ್ಲೋ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಇಡೀ ಲಿಪಿಯಲ್ಲಿ ಹಾಗೆ ಉಳಿದುಕೊಳ್ಳುವ ತಪ್ಪು ಸರಾಸರಿ ಎರಡು ವರ್ಷಕ್ಕೆ ಒಂದು. ಆದಕಾರಣ ಇಬ್ಬರು ರೋಗಿಗಳ ಕ್ಷಯಾಣುಗಳಲ್ಲಿ ಐದು ಅಥವಾ ಅದಕ್ಕಿಂತ ಕಡಮೆ ಅಕ್ಷರಗಳ ಭೇದವಿದ್ದರೆ ಅವು ಇತ್ತೀಚೆಗೆ ಒಂದೇ ಸರಪಳಿಯಲ್ಲಿದ್ದವೆಂದೂ, ಹನ್ನೆರಡಕ್ಕಿಂತ ಹೆಚ್ಚು ಭೇದವಿದ್ದರೆ ಇಬ್ಬರ ನಡುವೆ ಸಮೀಪದ ಸಂಪರ್ಕ ಸಂಭವಿಸಿರಲಾರದೆಂದೂ ಹೇಳುವುದಕ್ಕೆ ಆಧಾರ ದೊರೆಯುತ್ತದೆ. ಅದೇ ಓದಿನಲ್ಲಿ, ಬೇರೆ ಪರೀಕ್ಷೆಯ ಅವಶ್ಯಕತೆಯಿಲ್ಲದೆ, ಯಾವ ಯಾವ ಔಷಧವು ಈ ಕ್ಷಯಾಣುವಿನ ಮೇಲೆ ವ್ಯರ್ಥವಾದೀತೆಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಏಕೆಂದರೆ ನಿರೋಧವೆಂಬುದು ಕೆಲವು ನಿಶ್ಚಿತ ವಂಶವಾಹಿಗಳಲ್ಲಿ ಆಗುವ ಅಕ್ಷರಪಲ್ಲಟದ ಫಲ. ಅಂತಹ ಪಲ್ಲಟಗಳ ಸೂಚಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ 38,000ಕ್ಕೂ ಹೆಚ್ಚು ಮಾದರಿಗಳ ಆಧಾರದ ಮೇಲೆ ಪ್ರಕಟಿಸಿ, 2023ರಲ್ಲಿ ಅದನ್ನು 52,000ಕ್ಕೂ ಹೆಚ್ಚು ಮಾದರಿಗಳಿಗೆ ವಿಸ್ತರಿಸಿತು.

ಈ ವಿದ್ಯೆಯು ನಮ್ಮ ದೇಶದಲ್ಲಿ ಸಂಶೋಧಕರ ಪ್ರಬಂಧಗಳಿಗೆ ಸಾಮಗ್ರಿಯಾಗಿ ಮಾತ್ರ ಉಳಿಯಬಾರದು. ರಿಫಾಂಪಿಸಿನ್ ನಿರೋಧವು ಕಂಡುಬಂದ ಪ್ರತಿಯೊಬ್ಬ ರೋಗಿಯ ಕ್ಷಯಾಣುವನ್ನೂ ಸರ್ಕಾರದ ಖರ್ಚಿನಲ್ಲಿ, ನಿಯತವಾಗಿ, ಚಿಕಿತ್ಸೆಗೆ ಪ್ರಯೋಜನವಾಗುವಷ್ಟು ಬೇಗನೆ ಓದತಕ್ಕ ವ್ಯವಸ್ಥೆಯಾಗಬೇಕು ಎಂಬುದೇ ನಾನು ಇಲ್ಲಿ ಪ್ರತಿಪಾದಿಸಬಯಸುವ ಮಾತು. ಇಂಗ್ಲೆಂಡು 2017ರಲ್ಲಿಯೇ ತನ್ನ ಕ್ಷಯರೋಗಿಗಳ ನಿತ್ಯಪರೀಕ್ಷೆಯಲ್ಲಿ ಇದನ್ನು ಅಳವಡಿಸಿಕೊಂಡಿತು. ಅಲ್ಲಿ ವರ್ಷಕ್ಕೆ ಕ್ಷಯಕ್ಕೆ ತುತ್ತಾಗುವವರು ಕೆಲವೇ ಸಾವಿರ ಮಂದಿ. 2023ರಲ್ಲಿ ಜಗತ್ತಿನಾದ್ಯಂತ ಕ್ಷಯಕ್ಕೆ ತುತ್ತಾದ ಸುಮಾರು 1.08 ಕೋಟಿ ಜನರಲ್ಲಿ ನಮ್ಮ ದೇಶದ ಪಾಲು ಶೇ 26. ಹೊರೆ ಎಲ್ಲಿ ಕಡಮೆಯೋ ಅಲ್ಲಿ ದೀಪವಿದ್ದು, ಹೊರೆ ಎಲ್ಲಿ ಹೆಚ್ಚೋ ಅಲ್ಲಿ ಕತ್ತಲೆಯಿರುವುದು ನ್ಯಾಯವಲ್ಲ.

ನಮ್ಮಲ್ಲಿ ಪರೀಕ್ಷೆಗಳೇ ಇಲ್ಲವೆಂದು ಯಾರೂ ತಿಳಿಯಬಾರದು. ತಾಲ್ಲೂಕು ಆಸ್ಪತ್ರೆಗಳಿಗೂ ಇಂದು ಸಿಬಿನ್ಯಾಟ್ ಎಂಬ ಪರೀಕ್ಷಾಯಂತ್ರ ಬಂದಿದೆ. ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ರೂಪುಗೊಂಡ ಟ್ರೂನಾಟ್ ಯಂತ್ರವು, ವಿದ್ಯುತ್ತು ಆಗಾಗ ಹೋಗುವ ಊರುಗಳಲ್ಲಿಯೂ ಬ್ಯಾಟರಿಯ ಬಲದಿಂದ ಕೆಲಸ ಮಾಡುತ್ತ ಈಗ ಹೊರದೇಶಗಳಿಗೂ ಹೋಗಿದೆ. ಇದು ಕನ್ನಡನಾಡು ಹೆಮ್ಮೆಪಡತಕ್ಕ ಸಾಧನೆ. ಬೆಳಗ್ಗೆ ಕಫ ಕೊಟ್ಟವನಿಗೆ ಸಂಜೆಯೊಳಗೆ ಕ್ಷಯವುಂಟೇ ಇಲ್ಲವೇ, ರಿಫಾಂಪಿಸಿನ್ ತಾಗುವುದೇ ಇಲ್ಲವೇ ಎಂಬುದನ್ನು ಇವು ಹೇಳಬಲ್ಲವು. ಆದರೆ ಇವು ನೋಡುವುದು ಲಿಪಿಯ ಒಂದು ಸಣ್ಣ ಭಾಗವನ್ನು. ರಿಫಾಂಪಿಸಿನ್ ನಿರೋಧದ ಬಹುಪಾಲು ಪಲ್ಲಟಗಳು ಒಂದು ವಂಶವಾಹಿಯ 81 ಅಕ್ಷರಗಳಷ್ಟು ಉದ್ದದ ಖಂಡದಲ್ಲಿ ಆಗುವುವಾದ್ದರಿಂದ, ಯಂತ್ರವನ್ನು ರಚಿಸಿದವರು ಅಲ್ಲಿಯೇ ದೃಷ್ಟಿಯನ್ನು ನೆಟ್ಟದ್ದು ಯುಕ್ತವೇ ಆಗಿತ್ತು. ಆದರೂ ಆಫ್ರಿಕದ ಪುಟ್ಟ ರಾಜ್ಯವಾದ ಸ್ವಾಜಿಲೆಂಡಿನಲ್ಲಿ, ಈಗ ಎಸ್ವಾಟಿನಿ ಎಂದು ಹೆಸರಾದ ದೇಶದಲ್ಲಿ, 2009–10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಂಗ್ರಹಿಸಿದ ಬಹುಔಷಧನಿರೋಧಕ ಮಾದರಿಗಳನ್ನು ಮತ್ತೆ ಪರಿಶೀಲಿಸಿದಾಗ, ಅವುಗಳ ಪೈಕಿ ಶೇ 30ರಷ್ಟರಲ್ಲಿ ನಿರೋಧದ ಪಲ್ಲಟವು ಆ 81 ಅಕ್ಷರಗಳ ಸೀಮೆಯ ಆಚೆಗೆ ಇತ್ತು! ಯಂತ್ರವು ಅಂತಹವರಿಗೆ ರಿಫಾಂಪಿಸಿನ್ ತಾಗುತ್ತದೆಂದೇ ಹೇಳುತ್ತಿತ್ತು. ವೈದ್ಯರು ಶ್ರದ್ಧೆಯಿಂದ ಅದನ್ನೇ ಕೊಡುತ್ತಿದ್ದರು. ರೋಗಿಯೂ ಶ್ರದ್ಧೆಯಿಂದ ನುಂಗುತ್ತಿದ್ದನು. ರೋಗವು ಬೆಳೆಯುತ್ತಿತ್ತು, ಹತ್ತಿರದವರಿಗೆ ಹರಡುತ್ತಿತ್ತು. ಯಂತ್ರವು ಕಾಣದ ತಳಿ ಮಾತ್ರ ಉಳಿದು ಬೆಳೆಯುವಂತೆ ನಾವೇ ದಾರಿ ಮಾಡಿಕೊಟ್ಟಂತಾಗುವ ಈ ಅಪಾಯವು ಯಾವ ದೇಶದಲ್ಲಾದರೂ ಸಂಭವಿಸಬಹುದು. ಸಂಭವಿಸಿದೆಯೇ ಇಲ್ಲವೇ ಎಂದು ತಿಳಿಯಲು ಲಿಪಿಯನ್ನು ಪೂರ್ತಿ ಓದುವುದೇ ಹೆಚ್ಚು ನಂಬತಕ್ಕ ಮಾರ್ಗ. ದಕ್ಷಿಣ ಭಾರತದ ಕ್ಷಯಾಣುಗಳು ಬಹುತೇಕ ಒಂದು ಪ್ರಾಚೀನ ವಂಶಕ್ಕೆ ಸೇರಿದವುಗಳೆಂದೂ, ಬೇರೆ ವಂಶಗಳ ಆಧಾರದ ಮೇಲೆ ರಚಿತವಾದ ಪರೀಕ್ಷೆಗಳು ಇಲ್ಲಿ ಸಮನಾಗಿ ಫಲಿಸಲಾರವೆಂದೂ, ಈ ಪ್ರದೇಶಕ್ಕೆ ಅನುಗುಣವಾದ ಪರೀಕ್ಷೆಗಳು ಬೇಕೆಂದೂ ಚೆನ್ನೈಯ ಮಾದರಿಗಳನ್ನು ಓದಿದವರು ಈಗಾಗಲೇ ಸೂಚಿಸಿದ್ದಾರೆ.

ಹೊಸ ಔಷಧಗಳ ವಿಷಯದಲ್ಲಿ ಈ ಅವಶ್ಯಕತೆ ಇನ್ನೂ ತೀವ್ರವಾದದ್ದು. 2012ರ ಕೊನೆಯಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೆಡಾಕ್ವಿಲಿನ್, ನಾಲ್ಕು ದಶಕಗಳ ಬಳಿಕ ಕ್ಷಯಕ್ಕೆಂದು ದೊರೆತ ಮೊದಲ ಹೊಸ ಜಾತಿಯ ಔಷಧ. ಎರಡು ವರ್ಷಗಳ ಕಾಲ, ಮೊದಮೊದಲು ನಿತ್ಯವೂ ಚುಚ್ಚುಮದ್ದು ಹಾಕಿಸಿಕೊಂಡು, ಎಷ್ಟೋ ವೇಳೆ ಕಿವುಡರಾಗಿ, ಮನಃಸ್ವಾಸ್ಥ್ಯ ಕೆಟ್ಟು ಚಿಕಿತ್ಸೆ ಪಡೆಯಬೇಕಾಗಿದ್ದ ರೋಗಿಗಳಿಗೆ ಇಂದು ಆರು ತಿಂಗಳ ಮಾತ್ರೆಗಳಲ್ಲಿ ಗುಣವಾಗುವ ಆಸೆಯನ್ನು ಇದು ತಂದುಕೊಟ್ಟಿದೆ. ಬೆಡಾಕ್ವಿಲಿನ್ನೊಡನೆ ಇನ್ನು ಮೂರು ಔಷಧಗಳನ್ನು ಕೂಡಿಸಿದ ಆ ಕ್ರಮಕ್ಕೆ ಭಾರತ ಸರ್ಕಾರವು 2024ರಲ್ಲಿ ಅನುಮತಿ ಕೊಟ್ಟಿತು. ರೋಗಿಗಳ ಹಿತವನ್ನು ಬಯಸುವ ಯಾರಿಗಾದರೂ ಇದು ಸಂತೋಷದ ವಾರ್ತೆ. ಆದರೆ ಬೆಡಾಕ್ವಿಲಿನ್ನಿಗೆ ನಿರೋಧವನ್ನು ತರುವ ಪಲ್ಲಟಗಳು ರಿಫಾಂಪಿಸಿನ್ನಿನಲ್ಲಿ ಆಗುವಂತೆ ಒಂದು ಸಣ್ಣ ಖಂಡದಲ್ಲಿ ಗುಂಪಾಗಿ ಸಿಕ್ಕುವುದಿಲ್ಲ. ಒಂದು ವಂಶವಾಹಿಯ ಆದಿಯಿಂದ ಅಂತ್ಯದವರೆಗೆ ಎಲ್ಲಿ ಬೇಕಾದರಲ್ಲಿ ಆಗಬಹುದು. ಆಯ್ದ ಕೆಲವು ಸ್ಥಾನಗಳನ್ನು ಮಾತ್ರ ತಡವಿ ನೋಡುವ ಪರೀಕ್ಷೆಗೆ ಅವು ಸಿಗುವ ಬಗೆಯಿಲ್ಲ. ಮೇಲಾಗಿ ಈ ಔಷಧವು ಶರೀರದಲ್ಲಿ ತಿಂಗಳುಗಟ್ಟಲೆ ಉಳಿಯತಕ್ಕದ್ದು. ಜೊತೆಯ ಔಷಧಗಳು ನಿಂತುಹೋದ ಮೇಲೂ ಇದು ಮಾತ್ರ ಅಲ್ಪಪ್ರಮಾಣದಲ್ಲಿ ಉಳಿದಿದ್ದು, ಬದುಕಿ ಉಳಿದ ಕ್ಷಯಾಣುಗಳಿಗೆ ನಿರೋಧದ ಅಭ್ಯಾಸವನ್ನು ಮಾಡಿಸುತ್ತದೆ. ಇಂತಹ ಔಷಧವನ್ನು ದೇಶದಾದ್ಯಂತ ಹಂಚುತ್ತ, ಅದರ ವಿರುದ್ಧ ಏನು ಬೆಳೆಯುತ್ತಿದೆಯೆಂದು ನೋಡದಿರುವುದು ದೊಡ್ಡ ಅವಿವೇಕವಾದೀತು. ಬೆಡಾಕ್ವಿಲಿನ್ ಕೈಬಿಟ್ಟರೆ ಅದರ ಹಿಂದೆ ಸಾಲಾಗಿ ನಿಂತಿರುವ ಔಷಧಗಳು ಹೆಚ್ಚಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಹಳೆಯ ಅಧ್ಯಯನವನ್ನು ನೆನೆಯುವುದು ಅವಶ್ಯ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾದ ಮೇಲೆ ಕೈಗೊಂಡ ಮೊದಲ ಕಾರ್ಯಗಳಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳ ಸಮೀಕ್ಷೆಯೂ ಒಂದು. ಹಳ್ಳಿಯ ಜನ ಅಜ್ಞರು, ತಮಗೆ ರೋಗವಿರುವುದನ್ನೇ ಅರಿಯರು, ಅರಿತರೂ ಆಸ್ಪತ್ರೆಗೆ ಬಾರರು ಎಂಬುದು ಆ ಕಾಲದ ಅಧಿಕಾರಿಗಳ ಸಾಮಾನ್ಯ ಗ್ರಹಿಕೆಯಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಅಲ್ಲಿನ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಫಲಿತಾಂಶವು ಇದಕ್ಕೆ ತೀರ ವಿರುದ್ಧವಾಗಿತ್ತು: ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ದವಾಖಾನೆಯ ಅಥವಾ ವೈದ್ಯರ ಬಾಗಿಲಿಗೆ ಹೋಗಿ ಬಂದಿದ್ದರು, ಅಲ್ಲಿ ಅವರಿಗೆ ದೊರೆತದ್ದು ಕ್ಷಯದ ಪರೀಕ್ಷೆಯಲ್ಲ, ಒಂದು ಶೀಸೆ ಕೆಮ್ಮಿನ ಔಷಧ. ಲೋಪವಿದ್ದದ್ದು ರೋಗಿಯಲ್ಲಲ್ಲ, ರೋಗಿಯನ್ನು ಬರಮಾಡಿಕೊಳ್ಳಬೇಕಾಗಿದ್ದ ಸಂಸ್ಥೆಯಲ್ಲಿ. ಜ್ವರ, ಕೆಮ್ಮು, ಊರು, ದಾರಿ ಇವನ್ನು ಕೇಳಿ ಬರೆದುಕೊಂಡು ತುಮಕೂರಿನವರು ಅಂದು ಕಂಡ ಸತ್ಯವನ್ನೇ, 44 ಲಕ್ಷ ಅಕ್ಷರಗಳನ್ನು ಓದಿ ಕ್ವಾಜುಲು-ನಟಾಲಿನವರು ಅರ್ಧ ಶತಮಾನದ ಮೇಲೆ ಮತ್ತೆ ಕಂಡರು. ಇಷ್ಟಾದರೂ ಅಪವಾದವು ರೋಗಿಯ ಹೆಗಲಿನಿಂದ ಇಳಿದಿಲ್ಲವೆಂಬುದೇ ನನಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ಸಂಗತಿ. ಔಷಧವು ತಪ್ಪುವುದು ಯಾವಾಗಲೂ ರೋಗಿಯ ಕೈಯಿಂದಲೂ ಅಲ್ಲ. 2024ರ ವಸಂತಕಾಲದಲ್ಲಿ ಕ್ಷಯದ ಮಾತ್ರೆಗಳ ಸರಬರಾಜು ಕಡಿದು, ಜಿಲ್ಲೆಗಳೇ ಸ್ಥಳೀಯವಾಗಿ ಕೊಂಡುಕೊಳ್ಳಿರೆಂದು ಕೇಂದ್ರವು ರಾಜ್ಯಗಳಿಗೆ ಬರೆಯಬೇಕಾಗಿ ಬಂದುದನ್ನು ನಾವು ಮರೆಯಲಾಗದು.

ನಮ್ಮ ದೇಶದ ಪರಿಸ್ಥಿತಿಯು ಆಫ್ರಿಕದಂತೆಯೇ ಇದೆಯೆಂದು ನಾನು ಸಾಧಿಸಹೊರಟಿಲ್ಲ. 2014–16ರಲ್ಲಿ ನಡೆದ ಮೊದಲ ರಾಷ್ಟ್ರೀಯ ಔಷಧನಿರೋಧ ಸಮೀಕ್ಷೆಯಲ್ಲಿ, ಹಿಂದೆ ಚಿಕಿತ್ಸೆ ಪಡೆದಿದ್ದವರಲ್ಲಿ ಶೇ 11ಕ್ಕೂ ಮೀರಿ, ಹೊಸ ರೋಗಿಗಳಲ್ಲಿ ಶೇ 2.84ರಷ್ಟು ಜನರಲ್ಲಿ ಬಹುಔಷಧನಿರೋಧ ಕಂಡುಬಂದಿತು. ಎರಡನೆಯ ಅಂಕಿಯು ಮೇಲ್ನೋಟಕ್ಕೆ ಅಲ್ಪವೆನಿಸುತ್ತದೆ. ಆದರೆ ಹೊಸ ರೋಗಿಗಳೇ ಬಹುಸಂಖ್ಯಾತರಾದ ಕಾರಣ, ಆ ಅಲ್ಪ ಭಾಗವೇ ಬಹು ದೊಡ್ಡ ಜನಸಮೂಹ. ಮತ್ತು ಈ ಜನವೆಲ್ಲರೂ, ವ್ಯಾಖ್ಯೆಯಿಂದಲೇ, ಯಾವ ಔಷಧವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಇಂತಹ ಸಮೀಕ್ಷೆಯು ಎಷ್ಟು ಎಂಬುದನ್ನು ತಿಳಿಸುತ್ತದೆ. ಎಲ್ಲಿಂದ ಬಂದಿತು, ಯಾವ ದಾರಿಯಲ್ಲಿ ಹರಡಿತು ಎಂಬುದನ್ನು ತಿಳಿಸಲಾರದು. ಕಲಬುರಗಿ, ಯಾದಗಿರಿ ಕಡೆಯ ಕೂಲಿಕಾರರು ವರ್ಷದ ಹಲವು ತಿಂಗಳು ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕಟ್ಟಡಗಳ ಕೆಲಸದಲ್ಲಿದ್ದು ಊರಿಗೆ ಮರಳುತ್ತಾರೆ. ಅವರಲ್ಲಿ ಒಬ್ಬನಿಗೆ ನಿರೋಧಕ ಕ್ಷಯವು ಕಂಡುಬಂದರೆ, ಅದು ಮಹಾನಗರದ ಗಾಳಿಯಾಡದ ತಗಡಿನ ಶೆಡ್ಡಿನಲ್ಲಿ ಹತ್ತಿದ್ದೋ, ಅವನ ಊರಿನಲ್ಲಿಯೇ ಹರಡುತ್ತಿರುವುದೋ ಎಂಬ ಪ್ರಶ್ನೆಗೆ ಇಂದು ಜಿಲ್ಲೆಯ ಕ್ಷಯರೋಗಾಧಿಕಾರಿಯಲ್ಲಿ ಉತ್ತರವಿಲ್ಲ. ಉತ್ತರ ದೊರೆತರೆ, ಆಶಾ ಕಾರ್ಯಕರ್ತೆ ಯಾರ ಮನೆಗಳಿಗೆ ಹೋಗಬೇಕು, ಯಾವ ಶೆಡ್ಡಿಗೆ ಕಿಟಕಿ ಹಾಕಿಸಬೇಕು ಎಂಬುದು ನಿಶ್ಚಯವಾಗುತ್ತದೆ.

ಇದೆಲ್ಲ ದುಬಾರಿಯ ವೈಭವ, ಈ ಹಣವನ್ನು ಬಡವರ ಊಟಕ್ಕೆ ಬಳಸಬಾರದೇ ಎಂದು ಕೇಳುವ ಹಿತಚಿಂತಕರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಜಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೆ ತಿಂಗಳು ತಿಂಗಳು ಪೌಷ್ಟಿಕ ಆಹಾರಧಾನ್ಯವನ್ನು ಒದಗಿಸಿದ ಮಾತ್ರಕ್ಕೆ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು. ಅನ್ನಕ್ಕಿಂತ ದೊಡ್ಡ ಔಷಧವು ಈ ರೋಗಕ್ಕೆ ಇಲ್ಲವೆಂದೇ ನಾನೂ ನಂಬಿದ್ದೇನೆ. ಆದರೆ ಔಷಧಕ್ಕೆ ಮಣಿಯದ ಕ್ಷಯಾಣುವು ಒಮ್ಮೆ ಶ್ವಾಸಕೋಶವನ್ನು ಸೇರಿ ರೋಗವಾಗಿ ಎದ್ದ ಮೇಲೆ, ಸರಿಯಾದ ಔಷಧವು ಯಾವುದೆಂದು ತಿಳಿಯದೆ ಅನ್ನವೊಂದೇ ರೋಗಿಯನ್ನು ಉಳಿಸಲಾರದು. ತಪ್ಪು ಔಷಧದಲ್ಲಿ ಕಳೆದ ತಿಂಗಳುಗಳ ವೆಚ್ಚ, ಆ ತಿಂಗಳುಗಳಲ್ಲಿ ಸೋಂಕಿಗೆ ಸಿಕ್ಕಿದ ಮಕ್ಕಳ ಚಿಕಿತ್ಸೆಯ ವೆಚ್ಚ, ದುಡಿಯುವವನು ಮಲಗಿದ್ದರಿಂದ ಮನೆಗೆ ಬಂದ ಸಾಲ ಇವನ್ನೆಲ್ಲ ಕೂಡಿದರೆ ಒಂದು ಜೀನೋಮಿನ ಓದು ದುಬಾರಿಯೆನಿಸದು.

ಉಪಕರಣಗಳೂ ಅನುಭವಿಗಳೂ ನಮ್ಮಲ್ಲಿ ಇಲ್ಲದೆ ಇಲ್ಲ. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇನ್ಸಾಕಾಗ್ ಎಂಬ ಪ್ರಯೋಗಶಾಲೆಗಳ ಒಕ್ಕೂಟವನ್ನು ಕಟ್ಟಿದಾಗ ಬೆಂಗಳೂರಿನ ನಿಮ್ಹಾನ್ಸ್ ಮೊದಲಿನಿಂದಲೂ ಅದರಲ್ಲಿತ್ತು. ವೈರಾಣುವಿನ ರೂಪಾಂತರಗಳ ಹೆಸರು ಆ ದಿನಗಳಲ್ಲಿ ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುತ್ತಿತ್ತು. 2022ರ ವಿಶ್ವ ಕ್ಷಯ ದಿನದಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು ಕ್ಷಯಾಣುಗಳ ಜೀನೋಮ್ ಕಣ್ಗಾವಲನ್ನು ಒಳಗೊಂಡ ಯೋಜನೆಯನ್ನು ಪ್ರಕಟಿಸಿತು. ದೇಶದ ನಾನಾ ಕಡೆಗಳ ಸಾವಿರಾರು ಮಾದರಿಗಳನ್ನು ಓದುವ ಆ ಕಾರ್ಯವು ಸ್ತುತ್ಯರ್ಹ. ಆದರೆ ಯೋಜನೆಗೆ ಆದಿಯುಂಟು, ಅಂತ್ಯವೂ ಉಂಟು, ಕ್ಷಯಕ್ಕೆ ಹಾಗಿಲ್ಲ. ಕ್ಷಯಾಣುವು ಒಂದಕ್ಕೆ ಎರಡಾಗಲು ಸುಮಾರು ಒಂದು ದಿನ ಬೇಕಾದ್ದರಿಂದ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಓದುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆ ಬಳಿಕ ವರದಿಯು ಕಡತಗಳಲ್ಲಿ ಇನ್ನಷ್ಟು ತಿಂಗಳು ಕಳೆದರೆ, ಅದು ತಲಪುವ ವೇಳೆಗೆ ರೋಗಿಯು ಬದುಕಿರುವನೆಂಬ ಭರವಸೆಯಿಲ್ಲ. ಈ ವಿಳಂಬವನ್ನು ತಪ್ಪಿಸುವುದಕ್ಕಾಗಿಯೇ, ನಿರೋಧಕ್ಕೆ ಸಂಬಂಧಪಟ್ಟ ಭಾಗಗಳನ್ನು ಮಾತ್ರ ಆಯ್ದು ಕಫದಿಂದ ನೇರವಾಗಿ ಓದುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆಯು 2024ರ ಮಾರ್ಗದರ್ಶಿಯಲ್ಲಿ ಶಿಫಾರಸು ಮಾಡಿದೆ. ಚಿಕಿತ್ಸೆಯ ನಿರ್ಣಯಕ್ಕೆ ಈ ಶೀಘ್ರವಾದ ಓದು, ಹರಡುವಿಕೆಯ ದಾರಿಯನ್ನು ಕಾಣುವುದಕ್ಕೆ ಅನಂತರ ಆದ್ಯಂತವಾದ ಓದು: ಈ ಎರಡನ್ನೂ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಉಸ್ತುವಾರಿಯಲ್ಲಿ ಕರ್ನಾಟಕವು ಆರಂಭಿಸಬಹುದು, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದಲೇ ಆರಂಭಿಸುವುದು ನ್ಯಾಯವಾದೀತು, ಏಕೆಂದರೆ ಬೆಂಗಳೂರಿಗೆ ಅತಿ ದೂರವಿರುವ ಕಫದ ಡಬ್ಬಿಯೇ ಎಲ್ಲಕ್ಕಿಂತ ತಡವಾಗಿ ತಲಪತಕ್ಕದ್ದು. ವರದಿಯು ಚಿಕಿತ್ಸೆ ಕೊಡುವ ವೈದ್ಯನಿಗೂ ಜಿಲ್ಲಾ ಅಧಿಕಾರಿಗೂ ಏಕಕಾಲದಲ್ಲಿ, ಕ್ಷಯರೋಗಿಗಳಿಗಾಗಿ ಸರ್ಕಾರವು ಇಟ್ಟಿರುವ ನಿಕ್ಷಯ ದಾಖಲೆಯ ಮೂಲಕವೇ ಹೋಗಬೇಕು. ಅದಕ್ಕೆ ಬೇಕಾದ ಕಾಯಂ ಹುದ್ದೆಗಳು ರಾಜ್ಯದ ಆಯವ್ಯಯದಲ್ಲಿಯೇ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಅತ್ಯಂತ ಎಚ್ಚರ ಬೇಕು. ಇಬ್ಬರ ಕ್ಷಯಾಣುಗಳು ಸಮೀಪದ ಬಂಧುಗಳೆಂದು ಲಿಪಿಯು ಹೇಳಬಲ್ಲುದೇ ಹೊರತು, ಯಾರು ಯಾರಿಗೆ ಕೊಟ್ಟರೆಂಬುದನ್ನು ಅದೊಂದೇ ನಿಶ್ಚಯಿಸಲಾರದು. ಇಬ್ಬರಿಗೂ ಕಾಣದ ಮೂರನೆಯವನೊಬ್ಬನು ಮೂಲವಾಗಿರಬಹುದು. ಇದನ್ನು ತಿಳಿಯದ ಯಾವನೋ ಒಬ್ಬ ನೌಕರನು ಹಳ್ಳಿಯಲ್ಲಿ ಬಾಯಿಬಿಟ್ಟರೆ, ಹಳೆಯ ಅಪವಾದವನ್ನು ಅಳಿಸಹೊರಟ ವಿದ್ಯೆಯೇ ಹೊಸ ಅಪವಾದವನ್ನು ಹುಟ್ಟಿಸಿ, ಸೊಸೆಯನ್ನು ತವರಿಗೆ ಅಟ್ಟುವುದಕ್ಕೂ ಕೂಲಿಯವನನ್ನು ಕೆಲಸದಿಂದ ಬಿಡಿಸುವುದಕ್ಕೂ ನೆಪವಾದೀತು. ಓದುವುದು ರೋಗಾಣುವಿನ ಲಿಪಿಯನ್ನೇ ಹೊರತು ಮನುಷ್ಯನದಲ್ಲವಾದರೂ, ಆ ಓದಿನಿಂದ ತಿಳಿಯುವ ಸಂಬಂಧಗಳು ಮನುಷ್ಯರವು. ಆದುದರಿಂದ ಸರಪಳಿಯ ವಿವರವು ಹೆಸರುಗಳೊಡನೆ ಜಿಲ್ಲಾ ಅಧಿಕಾರಿಯ ಕಛೇರಿಯನ್ನು ದಾಟಿ ಹೋಗಕೂಡದೆಂದೂ, ಮನೆಗಳಿಗೆ ಹೋಗುವ ಕಾರ್ಯಕರ್ತೆಗೆ ಭೇಟಿಮಾಡಬೇಕಾದ ವಿಳಾಸಗಳನ್ನಲ್ಲದೆ ಮೂಲವು ಯಾರೆಂಬ ಊಹೆಯನ್ನು ಕೊಡಕೂಡದೆಂದೂ, ಯಾವ ನ್ಯಾಯಾಲಯದಲ್ಲಿಯೂ ಯಾವ ಮಾಲೀಕನ ಮುಂದೆಯೂ ಇದನ್ನು ರೋಗಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದೂ ಸ್ಪಷ್ಟವಾದ ನಿಯಮವನ್ನು, ಮೊದಲನೆಯ ಯಂತ್ರವನ್ನು ಕೊಳ್ಳುವುದಕ್ಕೆ ಮುಂಚಿತವಾಗಿಯೇ, ಸರ್ಕಾರವು ಬರೆದು ಪ್ರಕಟಿಸಬೇಕು.